ಜೊಲ್ಲಿನಿಂದ ಕಿಡ್ನಿ ಪರೀಕ್ಷೆ: ಮಾಡುವುದು ಹೇಗೆ, ನಂಬುವುದು ಎಷ್ಟು

ಕಿಡ್ನಿ ನಿಧಾನವಾಗಿ ಹಾಳಾಗುವಾಗ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಹುಳುಕು ಹಲ್ಲು ರಾತ್ರಿಯಿಡೀ ಎಬ್ಬಿಸಿ ಕೂರಿಸುತ್ತದೆ, ಕಿಡ್ನಿ ಹಾಗಲ್ಲ. ಅದರ ಅರ್ಧ ಕೆಲಸ ನಿಂತುಹೋದರೂ ಮನುಷ್ಯ ಊಟ ಮಾಡುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಮಕ್ಕಳ ಜೊತೆ ಆಡುತ್ತಾನೆ. ಜಗತ್ತಿನ ವಯಸ್ಕರಲ್ಲಿ ಹೆಚ್ಚುಕಡಿಮೆ 10 ಜನರಿಗೆ ಒಬ್ಬರಂತೆ ದೀರ್ಘಕಾಲದ ಕಿಡ್ನಿ ಕಾಯಿಲೆ ಇದೆ. ಅವರಲ್ಲಿ ಬಹಳ ಜನಕ್ಕೆ ಅದು ಗೊತ್ತೇ ಇಲ್ಲ.

ಅದಕ್ಕೇ ಜೊಲ್ಲಿನ ಪರೀಕ್ಷೆಯ ಬಗ್ಗೆ ನನಗೆ ತುಂಬಾ ಆಸಕ್ತಿ. ಸೂಜಿ ಬೇಡ, ಮೂತ್ರದ ಡಬ್ಬಿ ಬೇಡ, ಸರದಿಯಲ್ಲಿ ನಿಲ್ಲಬೇಕಿಲ್ಲ. ಒಂದು ಪಟ್ಟಿಯ ಮೇಲೆ ಸ್ವಲ್ಪ ಜೊಲ್ಲು ಹಾಕಿದರೆ ನಿಮಿಷದಲ್ಲಿ ಬಣ್ಣ ಬರುತ್ತದೆ. ಆದರೆ ಪಟ್ಟಿ ಕೈಗೆತ್ತಿಕೊಳ್ಳುವ ಮೊದಲೇ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಈ ಪಟ್ಟಿ "ಬೇಗ ಹೋಗಿ ರಕ್ತ ಕೊಟ್ಟು ಬನ್ನಿ" ಎಂದು ಹೇಳಬಲ್ಲದು. "ನಿಮ್ಮ ಕಿಡ್ನಿ ಚೆನ್ನಾಗಿದೆ" ಎಂದು ಹೇಳಲು ಅದಕ್ಕೆ ಆಗುವುದಿಲ್ಲ. ಮುಂದೆ ಬರೆದಿರುವ ಪ್ರತಿ ಹೆಜ್ಜೆಯೂ ಈ ಮಾತಿನ ಮೇಲೇ ನಿಂತಿದೆ.

ಜೊಲ್ಲಿಗೂ ಕಿಡ್ನಿಗೂ ಏನು ನಂಟು?

ನಾವು ತಿಂದ ಪ್ರೋಟೀನ್ ಬಳಕೆಯಾದ ಮೇಲೆ ಉಳಿಯುವ ಕಸವನ್ನು ಲಿವರ್ ಯೂರಿಯಾ ಮಾಡುತ್ತದೆ. ಅದನ್ನು ರಕ್ತದಿಂದ ಸೋಸಿ ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತರೆ ಯೂರಿಯಾ ರಕ್ತದಲ್ಲೇ ಉಳಿದು ಏರುತ್ತಾ ಹೋಗುತ್ತದೆ. ಜೊಲ್ಲಿನ ಗ್ರಂಥಿಗಳು ಜೊಲ್ಲು ತಯಾರಿಸಲು ನೀರು ತೆಗೆದುಕೊಳ್ಳುವುದು ಇದೇ ರಕ್ತದಿಂದ. ಯೂರಿಯಾ ತುಂಬಾ ಸಣ್ಣ ಕಣ, ಜೀವಕೋಶದ ಪೊರೆ ದಾಟಿ ನೀರಿನ ಜೊತೆ ಸುಲಭವಾಗಿ ಬಂದುಬಿಡುತ್ತದೆ. ಹಾಗಾಗಿ ರಕ್ತದಲ್ಲಿ ಯೂರಿಯಾ ಏರಿದರೆ ಬಾಯಲ್ಲೂ ಏರುತ್ತದೆ.

ಮಾಂಸಖಂಡದಿಂದ ಬರುವ, ಕಿಡ್ನಿಯೇ ಸೋಸುವ ಇನ್ನೊಂದು ಕಸ ಕ್ರಿಯಾಟಿನಿನ್. ಡಾಕ್ಟರುಗಳು ಜಾಸ್ತಿ ನಂಬುವುದು ಅದನ್ನು, ಆದರೆ ಅದು ಜೊಲ್ಲಿಗೆ ಹೀಗೆ ಬರುವುದಿಲ್ಲ. ಅದರ ಕಣ ದೊಡ್ಡದು, ಪೊರೆ ದಾಟಲು ಕಷ್ಟ. ಆರೋಗ್ಯವಂತರ ಜೊಲ್ಲಿನಲ್ಲಿ ಅದು ರಕ್ತದಲ್ಲಿರುವುದರ ಒಂದು ಸಣ್ಣ ಪಾಲು ಮಾತ್ರ. ಕಾಯಿಲೆ ಇರುವವರಲ್ಲಿ ಅದು ಹೆಚ್ಚುತ್ತದೆ ನಿಜ, ಆದರೆ ಅಷ್ಟು ಕಡಿಮೆ ಪ್ರಮಾಣವನ್ನು ಅಳೆಯಲು ಲ್ಯಾಬಿನ ಯಂತ್ರವೇ ಬೇಕು. ಮನೆಯಲ್ಲಿ ಬಳಸುವ ಪಟ್ಟಿಗಳು ಯೂರಿಯಾ ನೋಡುವುದು ಇದಕ್ಕೇ.

ಪಟ್ಟಿಯ ಮೇಲೆ ಯೂರಿಯೇಸ್ ಎಂಬ ಕಿಣ್ವ ಇರುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಕ್ಷಾರ, ಅದಕ್ಕೆ ಪಟ್ಟಿಯ ಬಣ್ಣ ಬದಲಾಗುತ್ತದೆ. ಇದೇ ಕೆಲಸವನ್ನು ನಮ್ಮ ಬಾಯಲ್ಲಿರುವ ಬ್ಯಾಕ್ಟೀರಿಯಾಗಳೂ ಮಾಡುತ್ತವೆ. ಕಿಡ್ನಿ ತೀರಾ ಸೋತವರ ಉಸಿರಿನಲ್ಲಿ ಮೂತ್ರದಂಥ ವಾಸನೆ ಬರುವುದಕ್ಕೆ, ನಾಲಿಗೆಯಲ್ಲಿ ಲೋಹದಂಥ ರುಚಿ ಉಳಿಯುವುದಕ್ಕೆ ಇದೂ ಒಂದು ಕಾರಣ. ಪಟ್ಟಿ ಹುಟ್ಟುವ ಎಷ್ಟೋ ಮೊದಲೇ ಡಾಕ್ಟರುಗಳು ಈ ವಾಸನೆಯಿಂದಲೇ ಕಾಯಿಲೆ ಗುರುತಿಸುತ್ತಿದ್ದರು.

ನಿಮಗೆ ಈ ಪರೀಕ್ಷೆ ಬೇಕಾ?

ಇದನ್ನು ಮೊದಲು ಕೇಳಿಕೊಳ್ಳಿ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ, ಬಿಪಿ ಇದ್ದರೆ, ಹೃದಯದ ಕಾಯಿಲೆ ಇದ್ದರೆ, ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಕಿಡ್ನಿ ತೊಂದರೆ ಇದ್ದರೆ, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದ್ದರೆ ಜೊಲ್ಲಿನ ಪಟ್ಟಿ ಹುಡುಕುತ್ತಾ ಕೂರಬೇಡಿ. ನೇರವಾಗಿ ರಕ್ತ ಮತ್ತು ಮೂತ್ರ ಪರೀಕ್ಷೆಗೆ ಹೋಗಿ. ಪಟ್ಟಿಯಲ್ಲಿ ಏನೇ ಬಂದರೂ ನೀವು ಆ ಎರಡು ಪರೀಕ್ಷೆ ಮಾಡಿಸಲೇಬೇಕು, ಹಾಗಿರುವಾಗ ನಡುವೆ ಒಂದು ವಾರ ಯಾಕೆ ಕಳೆಯಬೇಕು?

ಮೂತ್ರ ದಿಢೀರ್ ಕಡಿಮೆಯಾಗಿದೆ, ಮುಖ ಅಥವಾ ಕಾಲು ಊದಿಕೊಂಡಿದೆ, ಉಸಿರು ಕಟ್ಟುತ್ತಿದೆ, ವಾಂತಿ ನಿಲ್ಲುತ್ತಿಲ್ಲ, ಮಾತು ತಡವರಿಸುತ್ತಿದೆ ಎಂದಾದರೆ ಯಾವ ಪಟ್ಟಿಯೂ ಬೇಡ. ಆಗಲೇ ಆಸ್ಪತ್ರೆಗೆ ಹೊರಡಿ.

ಹಾಗಾದರೆ ಜೊಲ್ಲಿನ ಪರೀಕ್ಷೆ ಯಾರಿಗೆ? ಲ್ಯಾಬ್ ದೂರ ಇರುವ ಕಡೆ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತರಿಗೆ ಇದು ನಿಜಕ್ಕೂ ನೆರವಾಗುತ್ತದೆ. ರಕ್ತದ ಕ್ರಿಯಾಟಿನಿನ್ ಸುಲಭವಾಗಿ ಸಿಗದ ಕಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಫ್ರಿಕಾದ ಮಲಾವಿಯಲ್ಲಿ ಇಂಥ ಪಟ್ಟಿಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಬ್ರೆಜಿಲ್‌ನಲ್ಲೂ ಅಧ್ಯಯನಗಳು ನಡೆದಿವೆ. ಅಲ್ಲಿ ಕಂಡದ್ದು ಹೆಚ್ಚುಕಡಿಮೆ ಒಂದೇ ರೀತಿ: ಕಿಡ್ನಿ ತುಂಬಾ ಸೋತಿದ್ದರೆ ಪಟ್ಟಿ ಚೆನ್ನಾಗಿ ಹಿಡಿಯುತ್ತದೆ, ಸ್ವಲ್ಪ ಸೋತಿದ್ದರೆ ತಪ್ಪಿಸಿಕೊಳ್ಳುವವರು ಜಾಸ್ತಿ. ಸೂಜಿ ಕಂಡರೆ ಹೆದರಿ ವರ್ಷಗಳಿಂದ ರಕ್ತವನ್ನೇ ಕೊಡದವರಿಗೂ ಇದು ಒಂದು ಮೊದಲ ಹೆಜ್ಜೆ ಆಗಬಹುದು.

ಹೆಜ್ಜೆ 1: ಕಿಟ್ ಏನನ್ನು ಅಳೆಯುತ್ತದೆ ಎಂದು ಓದಿ

"ಜೊಲ್ಲಿನ ಕಿಡ್ನಿ ಪರೀಕ್ಷೆ" ಎಂಬ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಒಂದು ಯೂರಿಯಾ ಪಟ್ಟಿ. ಇನ್ನೊಂದು, ಜೊಲ್ಲನ್ನು ಟ್ಯೂಬಿನಲ್ಲಿ ತುಂಬಿ ಲ್ಯಾಬಿಗೆ ಕಳಿಸುವ ಡಿಎನ್‌ಎ ಕಿಟ್. ಅದರ ಕಥೆಯೇ ಬೇರೆ, ಕೊನೆಯ ಕಡೆಗೆ ಹೇಳುತ್ತೇನೆ. ಮತ್ತೊಂದು ಬರೀ ಪಿಎಚ್ ನೋಡುವ ಕಾಗದ. ಬಾಯಿ ಆಮ್ಲವೋ ಕ್ಷಾರವೋ ಎಂದು ತೋರಿಸುವ ಈ ಕಾಗದಕ್ಕೂ ಕಿಡ್ನಿ ಪರೀಕ್ಷೆಗೂ ಸಂಬಂಧ ಇಲ್ಲ, ಅದನ್ನು ಕೊಳ್ಳಬೇಡಿ.

ಡಬ್ಬಿಯ ಮೇಲೆ ಮೂರು ವಿಷಯ ನೋಡಿ. ಯೂರಿಯಾ ಅಥವಾ ಯೂರಿಯಾ ನೈಟ್ರೋಜನ್ ಎಂದು ಬರೆದಿದೆಯಾ? "ಸಂಶೋಧನೆಗೆ ಮಾತ್ರ" ಎಂದು ಸಣ್ಣ ಅಕ್ಷರದಲ್ಲಿ ಇದೆಯಾ? ಇದ್ದರೆ ಅದು ರೋಗಿಗಳ ಬಳಕೆಗೆ ಒಪ್ಪಿಗೆ ಪಡೆದ ಕಿಟ್ ಅಲ್ಲ. ಅವಧಿ ಮುಗಿಯುವ ದಿನ ಯಾವುದು? ಪಟ್ಟಿಯ ಮೇಲಿರುವ ಕಿಣ್ವ ಹಳೆಯದಾದರೆ, ಬಿಸಿಲು ಅಥವಾ ತೇವ ತಗುಲಿದರೆ ಸತ್ವ ಕಳೆದುಕೊಳ್ಳುತ್ತದೆ. ಸತ್ವ ಹೋದ ಪಟ್ಟಿ ಎಲ್ಲರಿಗೂ "ಕಡಿಮೆ" ಎಂದೇ ತೋರಿಸುತ್ತದೆ. ಆ ಸುಳ್ಳು ಸಮಾಧಾನ ಪರೀಕ್ಷೆ ಮಾಡದೇ ಇರುವುದಕ್ಕಿಂತ ಕೆಟ್ಟದ್ದು.

ಪರೀಕ್ಷೆಯ ಜೊತೆಗೇ "ಕಿಡ್ನಿ ತೊಳೆಯುವ" ಪುಡಿ, ಟಾನಿಕ್ ಮಾರುವವರಿಂದ ಕಿಟ್ ತೆಗೆದುಕೊಳ್ಳಬೇಡಿ. ನಿಮ್ಮ ಪಟ್ಟಿಯ ಬಣ್ಣ ಕೆಟ್ಟದಾಗಿ ಬಂದರೆ ಲಾಭ ಅವರಿಗೇ.

ಹೆಜ್ಜೆ 2: ಹಿಂದಿನ ದಿನ

ಯೂರಿಯಾ ಏರುವುದು ಕಿಡ್ನಿ ಸೋತಾಗ ಮಾತ್ರ ಅಲ್ಲ. ನೀರು ಕಡಿಮೆ ಕುಡಿದರೆ ಏರುತ್ತದೆ. ಒಂದೇ ದಿನ ಪ್ರೋಟೀನ್ ಜಾಸ್ತಿ ತಿಂದರೆ ಏರುತ್ತದೆ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡರೆ, ಜ್ವರ ಬಂದರೆ, ಹೊಟ್ಟೆಯೊಳಗೆ ರಕ್ತಸ್ರಾವ ಆಗುತ್ತಿದ್ದರೆ ಏರುತ್ತದೆ. ಉಲ್ಟಾ ಕೂಡ ಇದೆ. ಲಿವರ್ ಹಾಳಾದವರಲ್ಲಿ, ಸರಿಯಾಗಿ ಊಟ ಸೇರದವರಲ್ಲಿ ಯೂರಿಯಾ ತಯಾರಾಗುವುದೇ ಕಡಿಮೆ. ಅವರ ಕಿಡ್ನಿ ಸೋತಿದ್ದರೂ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ.

ಅದಕ್ಕೇ ಹಿಂದಿನ ದಿನ ಸುಮ್ನೆ ಎಂದಿನಂತೆ ಇರಿ. ಉಪವಾಸ ಬೇಡ, ಪ್ರೋಟೀನ್ ಪುಡಿ ಬೇಡ, ಮೈ ಹಣ್ಣಾಗುವಂಥ ವ್ಯಾಯಾಮ ಬೇಡ. ದಿನವೂ ಕುಡಿಯುವಷ್ಟೇ ನೀರು ಕುಡಿಯಿರಿ. ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಬಕೆಟ್‌ಗಟ್ಟಲೆ ಕುಡಿಯಬೇಡಿ. ಜ್ವರ, ಭೇದಿ ಇದ್ದರೆ ಗುಣವಾಗುವ ತನಕ ಪಟ್ಟಿಯನ್ನು ಮುಟ್ಟಬೇಡಿ. ಆದರೆ ಭೇದಿ ಜೋರಾಗಿದ್ದು ಮೂತ್ರ ಕಡಿಮೆಯಾದರೆ ಅದು ಡಾಕ್ಟರ ಹತ್ತಿರ ಹೋಗುವ ವಿಷಯ.

ಹೆಜ್ಜೆ 3: ಬಾಯಿ ಸಿದ್ಧ ಮಾಡಿ

ಈ ಹೆಜ್ಜೆಯಲ್ಲಿ ಆಗುವ ತಪ್ಪುಗಳೇ ಜಾಸ್ತಿ. ಬಾಯಿ ಒಂದು ಸ್ವಚ್ಛ ಟ್ಯೂಬ್ ಅಲ್ಲ. ಅಲ್ಲಿ ಊಟದ ಚೂರು ಇರುತ್ತದೆ, ಬ್ಯಾಕ್ಟೀರಿಯಾ ಇರುತ್ತವೆ, ವಸಡಿನಿಂದ ರಕ್ತ ಜಿನುಗುತ್ತಿರುತ್ತದೆ.

ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ, ನೀರು ಬಿಟ್ಟು ಬೇರೇನೂ ಕುಡಿಯಬೇಡಿ, ಬೀಡಿ ಸಿಗರೇಟು ಸೇದಬೇಡಿ, ಚೂಯಿಂಗ್ ಗಮ್ ಜಗಿಯಬೇಡಿ. ಹಲ್ಲನ್ನೂ ಆ ಒಂದು ಗಂಟೆಯಲ್ಲಿ ಉಜ್ಜಬೇಡಿ. ಉಜ್ಜಿದಾಗ ವಸಡು ಗೀರಿ ರಕ್ತ ಬರಬಹುದು, ಪೇಸ್ಟಿನ ಅಂಶವೂ ಬಾಯಲ್ಲಿ ಉಳಿಯುತ್ತದೆ. ಮೌತ್‌ವಾಶ್ ಅಂತೂ ಬೇಡವೇ ಬೇಡ. ಆಮೇಲೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ ಉಗಿಯಿರಿ. ಮುಕ್ಕಳಿಸಿದ ತಕ್ಷಣ ಜೊಲ್ಲು ತೆಗೆಯಬೇಡಿ, ನೀರು ಬೆರೆತು ತೆಳುವಾಗಿರುತ್ತದೆ. ಗಡಿಯಾರ ನೋಡಿ 10 ನಿಮಿಷ ಕಾಯಿರಿ.

ವಸಡು ಊದಿಕೊಂಡು ರಕ್ತ ಬರುತ್ತಿದ್ದರೆ ಮೊದಲು ಹಲ್ಲಿನ ಡಾಕ್ಟರರನ್ನು ಕಾಣಿರಿ. ರಕ್ತದಲ್ಲೂ ಯೂರಿಯಾ ಇರುವುದರಿಂದ, ಜೊಲ್ಲಿಗೆ ರಕ್ತ ಬೆರೆತರೆ ನೀವು ಯಾವುದನ್ನು ಅಳೆಯುತ್ತಿದ್ದೀರಿ ಎಂದೇ ಗೊತ್ತಾಗುವುದಿಲ್ಲ.

ಹೆಜ್ಜೆ 4: ಜೊಲ್ಲು ತೆಗೆಯುವುದು

ಕುರ್ಚಿಯಲ್ಲಿ ಕೂತು ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಮೊದಲು ಬಾಯಲ್ಲಿ ಇರುವುದನ್ನು ಒಮ್ಮೆ ನುಂಗಿ ಅಥವಾ ಉಗಿಯಿರಿ. ಆಮೇಲೆ ಹೊಸದಾಗಿ ಕೆಳಗಿನ ತುಟಿಯ ಹಿಂದೆ ತುಂಬಿಕೊಳ್ಳುವ ಜೊಲ್ಲನ್ನು ತಾನಾಗಿ ಸಣ್ಣ ಸ್ವಚ್ಛ ಬಟ್ಟಲಿಗೆ ಇಳಿಯಲು ಬಿಡಿ. ಮಗು ನಿದ್ದೆಯಲ್ಲಿ ಜೊಲ್ಲು ಸುರಿಸುತ್ತದಲ್ವಾ, ಹಾಗೆ. ಕ್ಯಾಕರಿಸಬೇಡಿ, ಗಂಟಲಿನಿಂದ ಕಫ ಎಳೆಯಬೇಡಿ. ಐದು ನಿಮಿಷದಲ್ಲಿ ಬೇಕಾದದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಪಟ್ಟಿಗೆ ಬೇಕಿರುವುದು ಒಂದೆರಡು ಹನಿ.

ಹುಳಿ ನೆನೆಸಿಕೊಂಡು, ಹುಳಿ ಚೀಪಿ ಜೊಲ್ಲು ತರಿಸುವುದು ಬೇಡ. ಹಾಗೆ ಬರುವ ಜೊಲ್ಲು ಬೇರೆ ಗ್ರಂಥಿಯಿಂದ, ಬೇರೆ ವೇಗದಲ್ಲಿ ಬರುತ್ತದೆ. ಅದರಲ್ಲಿರುವ ಅಂಶಗಳ ಪ್ರಮಾಣ ಬದಲಾಗುತ್ತದೆ, ಮುಂದಿನ ತಿಂಗಳ ಜೊಲ್ಲಿನ ಜೊತೆ ಹೋಲಿಸಲು ಆಗುವುದಿಲ್ಲ.

ಬಟ್ಟಲಿನಲ್ಲಿ ನಸುಗೆಂಪು ಕಂಡರೆ ಚೆಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿ.

ಕೆಲವರಿಗೆ ಜೊಲ್ಲೇ ಬರುವುದಿಲ್ಲ. ಇದು ಮುಖ್ಯ, ಯಾಕೆಂದರೆ ಕಿಡ್ನಿ ಕಾಯಿಲೆಯ ಅಪಾಯ ಜಾಸ್ತಿ ಇರುವವರಲ್ಲೇ ಬಾಯಿ ಒಣಗುವುದೂ ಜಾಸ್ತಿ. ಸಕ್ಕರೆ ಕಾಯಿಲೆ ಬಾಯಿ ಒಣಗಿಸುತ್ತದೆ. ಮೂತ್ರ ಹೆಚ್ಚು ಹೋಗುವಂತೆ ಮಾಡುವ ಬಿಪಿ ಮಾತ್ರೆ, ಅಲರ್ಜಿ ಮಾತ್ರೆ, ಕೆಲವು ಮನಸ್ಸಿನ ಕಾಯಿಲೆಯ ಮಾತ್ರೆ ಇವೂ ಒಣಗಿಸುತ್ತವೆ. ಅಂಥವರು ಬಲವಂತ ಮಾಡಿ ಅಂಟಂಟಾದ ಒಂದು ಹನಿ ತೆಗೆದು ಪಟ್ಟಿಗೆ ಒರೆಸಿದರೆ ಬರುವ ಬಣ್ಣಕ್ಕೆ ಅರ್ಥ ಇಲ್ಲ. ಅವರಿಗೆ ರಕ್ತ ಪರೀಕ್ಷೆಯೇ ಸರಿ.

ಹೆಜ್ಜೆ 5: ಪಟ್ಟಿಗೆ ಹಾಕಿ, ಸಮಯ ನೋಡಿ, ಓದಿ

ತೆಗೆದ ಜೊಲ್ಲನ್ನು ಆಗಲೇ ಬಳಸಿ. ಬೆಳಿಗ್ಗೆ ತೆಗೆದು ಸಂಜೆ ಪರೀಕ್ಷೆ ಮಾಡಿದರೆ ಅಷ್ಟರಲ್ಲಿ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದಿರುತ್ತವೆ, ಬಣ್ಣ ದಾರಿ ತಪ್ಪಿಸುತ್ತದೆ.

ಪಟ್ಟಿಯ ಪರೀಕ್ಷಾ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ. ಕಿಟ್‌ನಲ್ಲಿರುವ ಚೀಟಿಯಲ್ಲಿ ಎಷ್ಟು ಹೊತ್ತು ಎಂದು ಬರೆದಿದೆಯೋ ಅಷ್ಟೇ ಹೊತ್ತು ಬಿಟ್ಟು ಓದಿ. ಹೆಚ್ಚಾಗಿ ಒಂದು ನಿಮಿಷ. ಐದು ನಿಮಿಷ ಬಿಟ್ಟು ಬಂದು ನೋಡಿದರೆ ಬಣ್ಣ ಗಾಢವಾಗಿರುತ್ತದೆ, ಹೆದರಿಕೆಯೂ ಸುಮ್ಮನೆ ಹೆಚ್ಚುತ್ತದೆ. ಹಗಲು ಬೆಳಕಿನಲ್ಲಿ ಓದುವುದು ಒಳ್ಳೆಯದು. ಹಳದಿ ಬಲ್ಬಿನ ಕೆಳಗೆ ಹಳದಿ ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಬಣ್ಣ ಗುರುತಿಸಲು ಕಷ್ಟ ಇರುವವರು ಮನೆಯ ಇನ್ನೊಬ್ಬರಿಗೆ ತೋರಿಸಲಿ. ಎರಡು ಬಣ್ಣದ ನಡುವೆ ಗೊಂದಲವಾದರೆ ಹೆಚ್ಚಿನದನ್ನೇ ಬರೆದುಕೊಳ್ಳಿ.

ಅಧ್ಯಯನಗಳಲ್ಲಿ ಬಳಸಿದ ಒಂದು ಪಟ್ಟಿಯಲ್ಲಿ ಆರು ಮೆಟ್ಟಿಲು ಇವೆ: 5ರಿಂದ 14, 15ರಿಂದ 24, 25ರಿಂದ 34, 35ರಿಂದ 54, 55ರಿಂದ 74, ಆಮೇಲೆ 75 ಮತ್ತು ಮೇಲೆ. ಇವೆಲ್ಲ ಒಂದು ಡೆಸಿಲೀಟರ್ ಜೊಲ್ಲಿನಲ್ಲಿ ಇಷ್ಟು ಮಿಲಿಗ್ರಾಂ ಯೂರಿಯಾ ನೈಟ್ರೋಜನ್ ಎಂಬ ಲೆಕ್ಕ. ಈ ಮೆಟ್ಟಿಲುಗಳು ಎಷ್ಟು ಅಗಲ ನೋಡಿ. 35ಕ್ಕೂ 54ಕ್ಕೂ ಒಂದೇ ಬಣ್ಣ! ಅಂದರೆ ಇದು ಅಳತೆಗೋಲು ಅಲ್ಲ, ಎಚ್ಚರಿಕೆಯ ಗಂಟೆ.

ದಿನಾಂಕ, ಹೊತ್ತು, ಬಣ್ಣ, ಆ ದಿನ ತೆಗೆದುಕೊಂಡ ಮಾತ್ರೆಗಳು ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಪಟ್ಟಿಯ ಫೋಟೋ ಕೂಡ ತೆಗೆಯಬಹುದು, ಆದರೆ ಒಂದು ನಿಮಿಷಕ್ಕೆ ಸರಿಯಾಗಿ.

ಹೆಜ್ಜೆ 6: ಬಣ್ಣಕ್ಕೆ ಏನು ಅರ್ಥ

ಜಾಸ್ತಿ ಬಂತು ಅಂದುಕೊಳ್ಳೋಣ. ಗಾಬರಿಯಾಗಬೇಡಿ, ಆದರೆ ತಡವನ್ನೂ ಮಾಡಬೇಡಿ. ತುದಿಯ ಗಾಢ ಬಣ್ಣ ಬಂದಿದ್ದರೆ ಅವತ್ತೇ ಡಾಕ್ಟರರನ್ನು ಕಾಣಿರಿ. ನಡುವಿನ ಬಣ್ಣ ಬಂದಿದ್ದರೆ ಆ ವಾರದೊಳಗೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಮತ್ತೆ ಮತ್ತೆ ಪಟ್ಟಿ ಹಾಕಿ ಒಳ್ಳೆಯ ಬಣ್ಣ ಬರುವ ತನಕ ಕಾಯುವುದು ಮಾತ್ರ ಬೇಡ. ಅದು ನಾವೆಲ್ಲ ಮಾಡುವ ತಪ್ಪು, ಮನಸ್ಸು ಕೆಟ್ಟ ಸುದ್ದಿಯನ್ನು ಬೇಗ ಒಪ್ಪುವುದಿಲ್ಲ.

ಕಡಿಮೆ ಬಂತು ಅಂದುಕೊಳ್ಳೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ, ಉಳಿದದ್ದು ವಾಪಸ್ ರಕ್ತಕ್ಕೆ. ಅಷ್ಟು ಶಕ್ತಿ ನಮಗೆ ದಿನನಿತ್ಯಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ. ಒಂದು ಕಿಡ್ನಿ ದಾನ ಮಾಡಿದವರ ರಕ್ತದ ಯೂರಿಯಾ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಹಾಗಾದರೆ ಯೋಚಿಸಿ, ಕಾಯಿಲೆಯಿಂದ ಅರ್ಧ ಶಕ್ತಿ ಹೋದವರ ಯೂರಿಯಾವೂ ಸಾಮಾನ್ಯವಾಗಿಯೇ ಕಾಣಬಹುದು ಅಲ್ವಾ? ರಕ್ತದಲ್ಲೇ ಏರದಿದ್ದದ್ದು ಜೊಲ್ಲಿನಲ್ಲಿ ಹೇಗೆ ಕಾಣುತ್ತದೆ?

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಡುವಾಗ ಅನೇಕರಲ್ಲಿ ಮೊದಲು ಆಗುವುದು ಜರಡಿಯ ಸೋರಿಕೆ. ರಕ್ತದಲ್ಲೇ ಉಳಿಯಬೇಕಾದ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಜಾರುತ್ತದೆ. ಆ ಹೊತ್ತಿನಲ್ಲಿ ಯೂರಿಯಾ, ಕ್ರಿಯಾಟಿನಿನ್ ಎರಡೂ ಸರಿಯಾಗಿರಬಹುದು. ಈ ಸೋರಿಕೆ ಕಾಣುವುದು ಮೂತ್ರದಲ್ಲಿ ಮಾತ್ರ. ಜೊಲ್ಲಿನ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಇದು ಕಾಣುವುದಿಲ್ಲ. ಮಾತ್ರೆಗಳಿಂದ ಕಿಡ್ನಿಯನ್ನು ಹೆಚ್ಚು ಕಾಲ ಉಳಿಸಿಕೊಳ್ಳಬಹುದಾದ ಹಂತವೂ ಇದೇ. ಕಡಿಮೆ ಬಣ್ಣ ನೋಡಿ ನೆಮ್ಮದಿಯಾಗಿ ಮನೆಯಲ್ಲಿ ಕೂತರೆ ಆ ಹಂತ ಕೈತಪ್ಪುತ್ತದೆ.

ಹೆಜ್ಜೆ 7: ಲ್ಯಾಬಿನಲ್ಲಿ ಏನು ಕೇಳಬೇಕು

ಎರಡೇ ಹೆಸರು ನೆನಪಿಡಿ. ರಕ್ತಕ್ಕೆ ಕ್ರಿಯಾಟಿನಿನ್ ಮತ್ತು ಅದರಿಂದ ಲೆಕ್ಕ ಹಾಕುವ ಇ-ಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ವೇಗವಾಗಿ ಸೋಸುತ್ತಿದೆ ಎಂಬ ಅಂದಾಜು; ಅದು ಕಡಿಮೆಯಾದಷ್ಟೂ ಕಿಡ್ನಿ ಸೋತಿದೆ ಎಂದರ್ಥ. ಮೂತ್ರಕ್ಕೆ ಎಸಿಆರ್, ಅಂದರೆ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ. ಸಾಮಾನ್ಯ ಮೂತ್ರದ ಪಟ್ಟಿ ಜಾಸ್ತಿ ಪ್ರೋಟೀನ್ ಹೋಗುವಾಗ ಹಿಡಿಯುತ್ತದೆ, ಶುರುವಿನ ಸಣ್ಣ ಸೋರಿಕೆಯನ್ನು ತಪ್ಪಿಸಬಹುದು. ಅದಕ್ಕೆ ಎಸಿಆರ್ ಎಂದೇ ಹೆಸರು ಹೇಳಿ ಕೇಳಿ. ಬೆಳಿಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಕೊಟ್ಟರೆ ಉತ್ತಮ. ಮುಟ್ಟಿನ ದಿನಗಳಲ್ಲಿ, ಮೂತ್ರದ ಸೋಂಕು ಅಥವಾ ಜ್ವರ ಇದ್ದಾಗ, ಜೋರು ವ್ಯಾಯಾಮದ ಮರುದಿನ ಕೊಡಬೇಡಿ, ಸಂಖ್ಯೆ ಸುಳ್ಳೇ ಏರಿರುತ್ತದೆ. ರಕ್ತ ಕೊಡುವ ಹಿಂದಿನ 12 ಗಂಟೆ ಮಾಂಸ ತಿನ್ನದಿದ್ದರೆ ಕ್ರಿಯಾಟಿನಿನ್ ಸರಿಯಾಗಿ ಸಿಗುತ್ತದೆ. ಜಿಮ್‌ಗೆ ಹೋಗುವವರು ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ರಿಪೋರ್ಟ್ ಕೈಗೆ ಬಂದಾಗ ಒಂದು ಗೊಂದಲ ಕಾದಿರುತ್ತದೆ. ಪಟ್ಟಿ ಹೇಳಿದ್ದು ಯೂರಿಯಾ ನೈಟ್ರೋಜನ್. ಕೆಲವು ಲ್ಯಾಬ್ ಬರೆಯುವುದು ಬ್ಲಡ್ ಯೂರಿಯಾ. ಇವೆರಡೂ ಒಂದೇ ಅಲ್ಲ, ಮೊದಲನೆಯದು ಯೂರಿಯಾದೊಳಗಿನ ನೈಟ್ರೋಜನ್‌ನ ತೂಕ ಮಾತ್ರ. ಯೂರಿಯಾ ನೈಟ್ರೋಜನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ ಬರುತ್ತದೆ. 15 ಯೂರಿಯಾ ನೈಟ್ರೋಜನ್ ಎಂದರೆ 32 ಯೂರಿಯಾ. ಇದು ಗೊತ್ತಿಲ್ಲದೆ "ಪಟ್ಟಿಯಲ್ಲಿ 15 ಇತ್ತು, ರಕ್ತದಲ್ಲಿ 32 ಆಗಿದೆ, ಒಂದೇ ವಾರದಲ್ಲಿ ಎರಡರಷ್ಟಾಯಿತು" ಎಂದು ನಿದ್ದೆ ಕೆಡಿಸಿಕೊಳ್ಳುವವರು ಇದ್ದಾರೆ. ರಿಪೋರ್ಟಿನಲ್ಲಿ ಬಿಯುಎನ್ ಎಂದಿದ್ದರೆ ಅದು ಯೂರಿಯಾ ನೈಟ್ರೋಜನ್. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 7ರಿಂದ 20ರ ಒಳಗೆ ಇರುತ್ತದೆ.

ಕ್ರಿಯಾಟಿನಿನ್ ಒಂದನ್ನೇ ನೋಡಿ "ನಾರ್ಮಲ್" ಎಂದು ಮಡಚಿಡಬೇಡಿ. ಈ ಉದಾಹರಣೆ ನೋಡಿ. 25 ವರ್ಷದ ಗಂಡಸಿನ ಕ್ರಿಯಾಟಿನಿನ್ 1.2, 65 ವರ್ಷದ ಹೆಂಗಸಿನದೂ 1.2. ಈಗ ಬಳಕೆಯಲ್ಲಿರುವ 2021ರ ಸೂತ್ರ ಹಾಕಿದರೆ ಆ ಹುಡುಗನ ಇ-ಜಿಎಫ್‌ಆರ್ ಸುಮಾರು 86, ಆ ತಾಯಿಯದು ಸುಮಾರು 50. ಸಂಖ್ಯೆ ಒಂದೇ, ಸ್ಥಿತಿ ಬೇರೆ. ವಯಸ್ಸಾದಂತೆ ಮಾಂಸಖಂಡ ಕಡಿಮೆಯಾಗುತ್ತದೆ, ಕ್ರಿಯಾಟಿನಿನ್ ತಯಾರಾಗುವುದೂ ಕಡಿಮೆ. ಹಾಗಾಗಿ ವಯಸ್ಸಾದ ಹೆಣ್ಣುಮಕ್ಕಳ ಕಿಡ್ನಿ ಕಾಯಿಲೆ ರಿಪೋರ್ಟಿನಲ್ಲಿ ಅಡಗಿಕೊಂಡು ಕೂರುತ್ತದೆ. ನಿಮ್ಮ ಮನೆಯ ಹಿರಿಯ ಹೆಂಗಸರ ಹಳೆಯ ರಿಪೋರ್ಟ್ ಇದ್ದರೆ ಇವತ್ತೇ ತೆಗೆದು ಇ-ಜಿಎಫ್‌ಆರ್ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಡಾಕ್ಟರರನ್ನು ಕೇಳಿ, ವಯಸ್ಸು ಮತ್ತು ಕ್ರಿಯಾಟಿನಿನ್ ಗೊತ್ತಿದ್ದರೆ ಲೆಕ್ಕ ಹಾಕಲು ನಿಮಿಷ ಸಾಕು.

ಇ-ಜಿಎಫ್‌ಆರ್ 60ಕ್ಕಿಂತ ಕಡಿಮೆ ಅಥವಾ ಎಸಿಆರ್ ಪ್ರತಿ ಗ್ರಾಂಗೆ 30 ಮಿಲಿಗ್ರಾಂ ಅಥವಾ ಜಾಸ್ತಿ ಬಂದು, ಅದು ಮೂರು ತಿಂಗಳು ಅಥವಾ ಹೆಚ್ಚು ಕಾಲ ಹಾಗೇ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಎರಡರಲ್ಲಿ ಒಂದು ಸಾಕು. ಎಸಿಆರ್ ಅನ್ನು ಮಿಲಿಮೋಲ್ ಲೆಕ್ಕದಲ್ಲಿ ಕೊಡುವ ಲ್ಯಾಬಿನಲ್ಲಿ ಈ ಗಡಿ 3.

ಹೆಜ್ಜೆ 8: ಕಾಯುವ ಮೂರು ತಿಂಗಳು

ಮೊದಲ ರಿಪೋರ್ಟ್ ಸರಿ ಇಲ್ಲದಿದ್ದರೆ ಡಾಕ್ಟರು ಮತ್ತೆ ಪರೀಕ್ಷೆ ಹೇಳುತ್ತಾರೆ. ಆ ನಡುವೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಥರದ ನೋವಿನ ಮಾತ್ರೆಗಳನ್ನು ಕೇಳದೆ ನುಂಗಬೇಡಿ. ಇವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪುಡಿ, ಕಷಾಯ ನಿಲ್ಲಿಸಿ.

ಅದೇ ಹೊತ್ತಿಗೆ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಥರದ ಮಾತ್ರೆ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಅದನ್ನು ನೋಡಿ "ಮಾತ್ರೆಯೇ ಕಿಡ್ನಿ ತಿಂತು" ಎಂದು ಬಿಸಾಡುವವರು ಇದ್ದಾರೆ. ನಿಜ ಏನೆಂದರೆ ಇವು ಜರಡಿಯ ಮೇಲಿನ ಒತ್ತಡ ಇಳಿಸಿ ಸೋರಿಕೆ ಕಡಿಮೆ ಮಾಡುತ್ತವೆ. ಎಷ್ಟು ಏರಿಕೆ ಸರಿ, ಎಷ್ಟು ಜಾಸ್ತಿ ಎಂದು ಡಾಕ್ಟರು ಮತ್ತೆ ರಕ್ತ ನೋಡಿ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳೂ ಕಿಡ್ನಿ ಸೋಲುವ ವೇಗವನ್ನು ತಗ್ಗಿಸುತ್ತವೆ ಎಂದು ದೊಡ್ಡ ಪ್ರಯೋಗಗಳಲ್ಲಿ ಗೊತ್ತಾಗಿದೆ. ಬೇಗ ಗೊತ್ತಾದವರಿಗೆ ಈಗ ಮಾಡಲು ತುಂಬಾ ಇದೆ.

ಜೊಲ್ಲಿನ ಡಿಎನ್‌ಎ ಕಿಟ್

ಇದರಲ್ಲೂ ಜೊಲ್ಲೇ, ಆದರೆ ನೋಡುವುದು ಯೂರಿಯಾ ಅಲ್ಲ. ಜೊಲ್ಲಿನಲ್ಲಿ ತೇಲುವ ಜೀವಕೋಶಗಳ ಡಿಎನ್‌ಎ. ಕಿಡ್ನಿಯಲ್ಲಿ ನೀರುಗುಳ್ಳೆಗಳು ತುಂಬಿಕೊಳ್ಳುವ ಪಾಲಿಸಿಸ್ಟಿಕ್ ಕಾಯಿಲೆ, ಕಿವಿಯನ್ನೂ ಕೆಡಿಸುವ ಆಲ್ಪೋರ್ಟ್ ಕಾಯಿಲೆ ಇಂಥವು ವಂಶದಲ್ಲಿ ಬರುತ್ತವೆ. ವಯಸ್ಕರಲ್ಲಿ ಕಾಣುವ ಪಾಲಿಸಿಸ್ಟಿಕ್ ಕಾಯಿಲೆ ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50 ಶೇಕಡಾ. ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಕಾಣುವ ಎಪಿಒಎಲ್1 ಎಂಬ ಜೀನ್ ಬದಲಾವಣೆಗಳೂ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ. ಇವನ್ನೆಲ್ಲ ಜೊಲ್ಲಿನಿಂದ ನೋಡಬಹುದು, ಸರಿಯಾದ ಲ್ಯಾಬ್ ಮಾಡಿದರೆ ಇದು ನಂಬುವಂಥ ಪರೀಕ್ಷೆ.

ಆದರೆ ಅದು ಹೇಳುವುದು ಮುಂದಿನ ಅಪಾಯವನ್ನು. ಇವತ್ತು ಕಿಡ್ನಿ ಹೇಗಿದೆ ಎಂದು ಅದಕ್ಕೆ ಗೊತ್ತಿಲ್ಲ. ವಂಶಾವಳಿ ತಿಳಿಯಲು ಮಾರುವ ಸಾಮಾನ್ಯ ಕಿಟ್‌ಗಳು ಈ ಜೀನ್‌ಗಳನ್ನು ಪೂರ್ತಿ ಓದುವುದೂ ಇಲ್ಲ. ಮನೆತನದಲ್ಲಿ ಇಂಥ ಕಾಯಿಲೆ ಇದ್ದರೆ ಕಿಟ್ ಕೊಳ್ಳುವ ಮೊದಲು ಕಿಡ್ನಿ ಡಾಕ್ಟರ ಜೊತೆ ಮಾತಾಡಿ. ಪಾಲಿಸಿಸ್ಟಿಕ್ ಕಾಯಿಲೆಗೆ ಎಷ್ಟೋ ಸಲ ಸ್ಕ್ಯಾನಿಂಗ್ ಒಂದರಲ್ಲೇ ಉತ್ತರ ಸಿಗುತ್ತದೆ. ಮಕ್ಕಳ ಡಿಎನ್‌ಎ ಪರೀಕ್ಷೆ ಮಾಡಿಸುವ ಮುನ್ನ ಎರಡು ಸಲ ಯೋಚಿಸಿ. ಆ ಉತ್ತರವನ್ನು ಅವರು ಬದುಕಿಡೀ ಹೊತ್ತುಕೊಂಡಿರಬೇಕು.

ಈಗಾಗಲೇ ಡಯಾಲಿಸಿಸ್‌ನಲ್ಲಿ ಇರುವವರಿಗೆ

ಇವರಲ್ಲಿ ಜೊಲ್ಲಿನ ಯೂರಿಯಾ ತುಂಬಾ ಚೆನ್ನಾಗಿ ರಕ್ತವನ್ನು ಹಿಂಬಾಲಿಸುತ್ತದೆ. ಡಯಾಲಿಸಿಸ್‌ಗೆ ಮುಂಚೆ ಗಾಢ, ಮುಗಿದ ಮೇಲೆ ತಿಳಿ. ಪದೇ ಪದೇ ಸೂಜಿ ಚುಚ್ಚದೆ ನೋಡಬಹುದಲ್ಲ ಎಂದು ಸಂಶೋಧಕರಿಗೆ ಇದರಲ್ಲಿ ಆಸಕ್ತಿ ಇದೆ. ಮನೆಯಲ್ಲಿ ಪಟ್ಟಿ ಹಾಕಿ ನೋಡಬೇಕು ಎನಿಸಿದರೆ ನಿಮ್ಮ ಡಯಾಲಿಸಿಸ್ ನರ್ಸಿಗೆ ಹೇಳಿ ನೋಡಿ, ಬಣ್ಣ ಬರೆದ ಪುಸ್ತಕ ಅವರಿಗೂ ತೋರಿಸಿ.

ಬಣ್ಣ ತಿಳಿಯಾಗಿದೆ ಎಂದು ಒಂದು ದಿನದ ಡಯಾಲಿಸಿಸ್ ಮಾತ್ರ ಯಾವತ್ತೂ ಬಿಡಬೇಡಿ. ಹೃದಯದ ಬಡಿತವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ, ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ನೀರು, ಈ ಎರಡೂ ಯೂರಿಯಾ ಪಟ್ಟಿಯಲ್ಲಿ ಕಾಣುವುದಿಲ್ಲ.